ತಳದ ಮೀನಿಗೂ ಹಸಿವಿದೆ

ಗಾಜಿನ ತೊಟ್ಟಿ ತಂದೆ, ಬಣ್ಣದ ಟೆಟ್ರಾ ತಂದೆ, ಬಾಲ ಬೀಸುವ ಗಪ್ಪಿ ತಂದೆ. ಸಂತೋಷ ಮರಿ. ಮೊಬೈಲಿನಿಂದ ಕಣ್ಣು ಕಿತ್ತು ಒಂದು ಜೀವದ ಮೇಲೆ ಇಟ್ಟೆಯಲ್ಲ, ಅದೇ ದೊಡ್ಡದು. ಆದರೆ ಕೆಳಗೆ ಮೀಸೆ ಆಡಿಸುತ್ತಾ ತಿರುಗುವ ಆ ಪುಟ್ಟ ಬೆಕ್ಕುಮೀನು ಯಾಕೆ ಅಂತ ಕೇಳಿದರೆ, "ಅದು ಕಸ ತಿನ್ನುತ್ತೆ ತಾತ, ತೊಟ್ಟಿ ಕ್ಲೀನಾಗಿರುತ್ತೆ" ಅಂದೆ. ಅಂಗಡಿಯವನು ಹೇಳಿದ್ದನ್ನು ಗಿಳಿಪಾಠ ಒಪ್ಪಿಸಿದೆ. ನನಗೆ ಬೇಜಾರಾಗಿದ್ದು ಅಲ್ಲೇ.

ಅದರ ಹೆಸರು ಕೋರಿಡೋರಸ್. ಸಾಕುವವರ ಬಾಯಲ್ಲಿ ಕೋರಿ. ಅದು ಹಿಕ್ಕೆ ತಿಂದು ಬದುಕುವ ಮೀನಲ್ಲ. ದಕ್ಷಿಣ ಅಮೆರಿಕದಲ್ಲಿ, ಆಂಡಿಸ್ ಪರ್ವತದ ಪೂರ್ವಕ್ಕೆ ಹರಿಯುವ ಹೊಳೆ ತೊರೆಗಳಲ್ಲಿ ಅದರ ತವರು. ಅಲ್ಲಿ ಮರಳಿನೊಳಗೆ ಮುಖ ತೂರಿಸಿ, ಮೀಸೆಯಿಂದ ತಡಕಿ, ಹುಳ, ಸೊಳ್ಳೆ ಜಾತಿಯ ಕೀಟದ ಮರಿ, ಸಣ್ಣ ಸಿಗಡಿಯಂಥವನ್ನು ಹೆಕ್ಕಿ ತಿನ್ನುತ್ತೆ. ಬಾಯಿಗೆ ಬಂದ ಮರಳನ್ನು ಕಿವಿರಿನಿಂದ ಆಚೆ ಬಿಡುತ್ತೆ. ದಿನವಿಡೀ ದುಡಿದು ಉಣ್ಣುವ ಪ್ರಾಣಿ ಅದು. ಅದನ್ನು ತಂದು ಮೇಲಿನವರ ಎಂಜಲು ನಿನ್ನ ಪಾಲಿಗೆ ಅಂದರೆ ಹೇಗೆ?

ಎಂಜಲಾದರೂ ಸಿಗುತ್ತಾ ನೋಡು. ನೀನು ಚಿಟಿಕೆ ಫ್ಲೇಕ್ಸ್ ಉದುರಿಸಿದ ಕೂಡಲೇ ಗಪ್ಪಿಗಳು ಮೇಲೇ ಕಬಳಿಸುತ್ತವೆ. ತಪ್ಪಿ ಜಾರಿದ್ದನ್ನು ನಡುವೆ ಟೆಟ್ರಾಗಳು ಹಿಡಿಯುತ್ತವೆ. ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತವನಿಗೆ ಬರೀ ಉಪ್ಪು, ಉಪ್ಪಿನಕಾಯಿ ಬಡಿಸಿ ಪಾತ್ರೆ ಕವುಚಿ ಹಾಕಿದ ಹಾಗಾಯಿತು. ಅವನು ಕೂಗಿ ಕೇಳಿಯಾನು. ಕೋರಿ ಕೇಳುವುದಿಲ್ಲ. ಎರಡು ಮೂರು ತಿಂಗಳು ಸವೆದು ಒಂದು ಬೆಳಿಗ್ಗೆ ಸತ್ತು ಬಿದ್ದಿರುತ್ತೆ. ಆಗ ನೀನು "ಏನೋ ರೋಗ ಬಂತು" ಅನ್ನುತ್ತೀಯ. ಹೆಚ್ಚಿನ ಮನೆಗಳಲ್ಲಿ ಆ ರೋಗದ ಹೆಸರು ಹಸಿವು.

ಹಸಿವು ಹೇಗೆ ಗೊತ್ತಾಗುತ್ತೆ ಅಂತ ಕೇಳು, ಅದು ಒಳ್ಳೆ ಪ್ರಶ್ನೆ. ಕೋರಿ ಗಾಜಿಗೆ ಒರಗಿದಾಗ ಅದರ ಹೊಟ್ಟೆ ನೋಡು. ಸ್ವಲ್ಪ ದುಂಡಗೆ ಉಬ್ಬಿದ್ದರೆ ಸರಿ. ಎದೆಯ ರೆಕ್ಕೆಗಳ ಹಿಂದೆ ಒಳಕ್ಕೆ ಗುಳಿ ಬಿದ್ದಿದ್ದರೆ, ತಲೆ ದಪ್ಪ ಮೈ ಸಣ್ಣ ಅನ್ನಿಸಿದರೆ, ಅದು ಉಪವಾಸ. ಇದಕ್ಕೆ ಯಾವ ಯಂತ್ರವೂ ಬೇಡ. ದಿನಾ ಹತ್ತು ನಿಮಿಷ ಸುಮ್ಮನೆ ಕೂತು ನೋಡುವ ತಾಳ್ಮೆ ಬೇಕು. ಗಾಜು ತಟ್ಟಬೇಡ, ಟಾರ್ಚ್ ಬಿಡಬೇಡ. ನೋಡುತ್ತಾ ನೋಡುತ್ತಾ ಒಂದೊಂದರ ಗುಣವೂ ತಿಳಿಯುತ್ತೆ. ಒಂದು ಮುನ್ನುಗ್ಗುತ್ತೆ, ಒಂದು ಎಲ್ಲರೂ ತಿಂದ ಮೇಲೆ ಬರುತ್ತೆ. ಆ ಹಿಂದುಳಿದದ್ದರ ಮೇಲೆ ನಿನ್ನ ಕಣ್ಣಿರಲಿ.

ಈಗ ಊಟದ ಮಾತು. ಮುಳುಗುವ ಗುಳಿಗೆ ಅಂತ ಕೇಳಿ ತಾ. ಅಂಗಡಿಯಲ್ಲಿ ಸಿಂಕಿಂಗ್ ಪೆಲೆಟ್ ಅನ್ನುತ್ತಾರೆ, ತಳದ ಮೀನಿಗೆಂದೇ ಮಾಡಿದ ಬಿಲ್ಲೆಗಳೂ ಸಿಗುತ್ತವೆ. ಡಬ್ಬದ ಹಿಂದೆ ಓದು: ಮೀನು, ಸಿಗಡಿ, ಹುಳದ ಅಂಶ ಮೊದಲಿಗೆ ಬಂದಿರಬೇಕು. ಬರೀ ಪಾಚಿಯ ವೇಫರ್ ಕೋರಿಗೆ ಸಾಲದು, ಅದಕ್ಕೆ ಮಾಂಸದಂಶ ಬೇಕು. ಸೌತೆಕಾಯಿ ಬಿಲ್ಲೆ ಹಾಕಿ ಫೋಟೋ ತೆಗೆಯುವವರನ್ನು ನೋಡಿ ಮರುಳಾಗಬೇಡ. ಪಾಚಿ ಹೆರೆದು ತಿನ್ನುವ ಮೀನಿಗೆ ಅದು ಸರಿ, ಇದಕ್ಕೆ ಬರೀ ರುಚಿ ನೋಡುವಷ್ಟು.

ಮೇಲಿನ ಮೀನುಗಳಿಗೆ ಮೊದಲು ಒಂದು ಮೂಲೆಯಲ್ಲಿ ಹಾಕು. ಅವು ಅಲ್ಲಿ ಗಲಾಟೆಯಲ್ಲಿರುವಾಗ ಇನ್ನೊಂದು ಮೂಲೆಯಲ್ಲಿ ಕೋರಿಯ ಗುಳಿಗೆ ಬಿಡು. ಇನ್ನೂ ಒಳ್ಳೆಯದೆಂದರೆ ರಾತ್ರಿ ತೊಟ್ಟಿಯ ದೀಪ ಆರಿಸಿದ ಮೇಲೆ ಹಾಕುವುದು. ಟೆಟ್ರಾಗಳು ಮಂಕಾಗುತ್ತವೆ, ಕೋರಿಗಳು ನಸುಗತ್ತಲಲ್ಲಿ ಚುರುಕಾಗುತ್ತವೆ. ಮೀಸೆಯಲ್ಲೇ ರುಚಿ ಹಿಡಿಯುವ ಮೀನಿಗೆ ದೀಪ ಯಾಕೆ ಬೇಕು?

ವಾರಕ್ಕೆ ಒಂದೆರಡು ಸಲ ಫ್ರೋಜನ್ ಬ್ಲಡ್ ವರ್ಮ್ ಕೊಟ್ಟರೆ ಕುಣಿದಾಡುತ್ತವೆ. ಗಟ್ಟಿಯನ್ನು ಬಟ್ಟಲು ನೀರಲ್ಲಿ ಕರಗಿಸಿ, ಆ ನೀರು ಚೆಲ್ಲಿ, ಹುಳ ಮಾತ್ರ ಹಾಕು. ಮನೆ ಹಿತ್ತಲಲ್ಲಿ ಔಷಧಿ ಹೊಡೆಯದ ಮಣ್ಣಿದ್ದರೆ ಎರೆಹುಳ ಸಿಗುತ್ತೆ. ತೊಳೆದು, ಸಣ್ಣಗೆ ಕೊಚ್ಚಿ ಹಾಕಿದರೆ ಅದಕ್ಕಿಂತ ಹಬ್ಬದೂಟ ಇಲ್ಲ. ನಿನ್ನಮ್ಮನ ಈರುಳ್ಳಿ ಹೆಚ್ಚುವ ಚಾಕು ಮಾತ್ರ ಮುಟ್ಟಬೇಡ. ಜೀವಂತ ಟ್ಯೂಬಿಫೆಕ್ಸ್ ಅಂತ ಕೆಂಪು ಉಂಡೆ ಮಾರುತ್ತಾರೆ. ಅದು ಕೊಳಕು ನೀರಲ್ಲೇ ಹುಟ್ಟಿ ಬೆಳೆಯುವ ಹುಳ, ಜೊತೆಯಲ್ಲಿ ರೋಗ ತರಬಹುದು. ನನ್ನ ಮಾತು ಕೇಳಿದರೆ ಅದರ ಸಹವಾಸ ಬೇಡ. ಒಣಗಿಸಿದ ಟ್ಯೂಬಿಫೆಕ್ಸ್ ಆಗಬಹುದು. ಆದರೆ ಅದು ತೇಲುತ್ತೆ. ನೆನೆಸಿ ಹಿಂಡಿ, ಮುಳುಗುವಂತೆ ಮಾಡಿ ಹಾಕು.

ಅತಿಯಾದರೆ ಅಮೃತವೂ ವಿಷ ಅನ್ನುವ ಮಾತು ಮೀನಿನ ತೊಟ್ಟಿಗೆ ಅಕ್ಷರಶಃ ನಿಜ. ಬೆಳಿಗ್ಗೆ ಅಮ್ಮ ಒಂದು ಚಿಟಿಕೆ, ಮಧ್ಯಾಹ್ನ ತಂಗಿ ಒಂದು ಚಿಟಿಕೆ, ರಾತ್ರಿ ನೀನೊಂದು ಚಿಟಿಕೆ, ಬಂದ ನೆಂಟರ ಮಗು ಒಂದು ಹಿಡಿ. ತಿನ್ನದೇ ಉಳಿದದ್ದು ಮರಳಲ್ಲಿ ಕೊಳೆಯುತ್ತೆ, ಅಲ್ಲಿಂದ ಅಮೋನಿಯಾ ಏಳುತ್ತೆ, ಮೀನಿನ ಕಿವಿರು ಸುಡುತ್ತೆ. ಊಟ ಹಾಕುವ ಕೈ ಮನೆಯಲ್ಲಿ ಒಂದೇ ಇರಲಿ. ಬಿಲ್ಲೆ ಹಾಕಿ ಎರಡು ಗಂಟೆಯಾದರೂ ಉಳಿದಿದ್ದರೆ ತೆಗೆದುಬಿಡು, ನಾಳೆ ಕಡಿಮೆ ಹಾಕು. ವಾರಕ್ಕೊಂದು ದಿನ ಏಕಾದಶಿ ಮಾಡಿಸು, ಚೆನ್ನಾಗಿ ಉಂಡ ಮೀನಿಗೆ ಅದರಿಂದ ಕೇಡಿಲ್ಲ. ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೊರಟರೂ ಪಕ್ಕದ ಮನೆಯವರಿಗೆ ಡಬ್ಬ ಕೊಟ್ಟು ಹೋಗಬೇಡ. ಪಾಪ, ಪ್ರೀತಿಯಿಂದಲೇ ಅರ್ಧ ಡಬ್ಬ ಸುರಿದಿರುತ್ತಾರೆ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಎರಚಿ ಪುಣ್ಯ ಕಟ್ಟಿಕೊಂಡವರು ನಾವು. ಆ ಅಭ್ಯಾಸವನ್ನು ತೊಟ್ಟಿಗೆ ತರಬೇಡ. ಅಲ್ಲಿ ಕೈಯುದ್ದದ ಮೀನು, ಹರಿಯುವ ಹೊಳೆ. ಇಲ್ಲಿ ಬೆರಳುದ್ದದ ಮೀನು, ನಿಂತ ನೀರು. ಮಂಡಕ್ಕಿ, ಅನ್ನದ ಅಗುಳು, ಬ್ರೆಡ್ಡು, ಚಪಾತಿ ಚೂರು, ಯಾವುದೂ ಬೇಡ.

ನೀರಿನ ವಿಷಯದಲ್ಲಿ ನಿನ್ನ ಆತುರಕ್ಕೆ ಕಡಿವಾಣ ಹಾಕಲೇಬೇಕು. ಶನಿವಾರ ತೊಟ್ಟಿ, ಭಾನುವಾರ ಮೀನು, ಬುಧವಾರ ಸೂತಕ. ನಿನ್ನ ವಯಸ್ಸಿನವರ ಮನೆಗಳಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ. ಹೊಸ ತೊಟ್ಟಿಯ ನೀರು ಕನ್ನಡಿಯ ಹಾಗಿದ್ದರೂ ಮೀನಿಗೆ ಸಿದ್ಧವಾಗಿರುವುದಿಲ್ಲ. ಮೀನಿನ ಮಲಮೂತ್ರದ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತೆ. ಮೊದಲಿನೆರಡೂ ವಿಷ, ಮೂರನೆಯದನ್ನು ಮೀನು ಒಂದು ಮಟ್ಟಕ್ಕೆ ತಡೆಯುತ್ತೆ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜಿನಲ್ಲಿ, ಮರಳಲ್ಲಿ ಮನೆ ಮಾಡಿಕೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮುಂದೆ ಇನ್ನೊಂದು ತೊಟ್ಟಿ ಇಟ್ಟರೆ ಅಲ್ಲಿಯವರೆಗೆ ಮೀನು ಬಿಡದೆ ಫಿಲ್ಟರ್ ಓಡಿಸು, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡು, ಪರೀಕ್ಷೆಯ ಕಿಟ್ ತಂದು ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವುದನ್ನು ಕಾಯು. ಖಾಲಿ ತೊಟ್ಟಿ ನೋಡಿ ಗೆಳೆಯರು ನಕ್ಕರೆ ನಗಲಿ ಬಿಡು.

ಬೆಂಗಳೂರಿನ ನಲ್ಲಿಯಲ್ಲಿ ಬರುವುದು ತೊರೆಕಾಡನಹಳ್ಳಿಯಲ್ಲಿ ಶುದ್ಧಿ ಮಾಡಿ, ಕ್ಲೋರಿನ್ ಬೆರೆಸಿದ ಕಾವೇರಿ ನೀರು. ನಮಗೆ ಅದು ಒಳ್ಳೆಯದು. ಮೀನಿನ ಕಿವಿರಿಗೂ ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೂ ಅಲ್ಲ. ಆಂಟಿ ಕ್ಲೋರಿನ್ ಹನಿ ಲೆಕ್ಕದಷ್ಟು ಹಾಕಿಯೇ ಬಳಸು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು. ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಿ ಬೆಳ್ಳಗೆ ಮಾಡಬೇಡ. ತೊಟ್ಟಿಯಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡು ಸಾಕು. ಬೋರ್‌ವೆಲ್ ನೀರು ಗಡಸಾಗಿದ್ದರೂ ಹೆದರಬೇಡ. ಸಾಕಣೆಯಲ್ಲೇ ಹುಟ್ಟಿ ಬೆಳೆದ ಸಾಮಾನ್ಯ ಕೋರಿಗಳು ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತವೆ. ಅವು ತಡೆಯದಿರುವುದು ಇವತ್ತೊಂದು ನಾಳೆಯೊಂದು ಆಗುವ ನೀರನ್ನು.

ಕರೆಂಟ್ ಹೋದಾಗಿನ ದಾರಿಯನ್ನೂ ಈಗಲೇ ಯೋಚಿಸು. ಬ್ಯಾಟರಿಯ ಏರ್ ಪಂಪು ಒಂದು ಇಟ್ಟುಕೊ. ಕರೆಂಟ್ ಇಲ್ಲದ ಹೊತ್ತಲ್ಲಿ ಊಟ ಹಾಕಬೇಡ.

ತಳಕ್ಕೆ ಏನು ಹಾಸಿದ್ದೀಯ? ನೀಲಿ, ಕೆಂಪು ಬಣ್ಣದ ಚೂಪು ಕಲ್ಲು. ಅದನ್ನು ತೆಗೆ. ಮರಳಲ್ಲಿ ಮುಖ ಹುದುಗಿಸಬೇಕಾದ ಮೀನಿಗೆ ಜಲ್ಲಿಯ ಮೇಲೆ ಸಂಸಾರ ಮಾಡು ಅಂದರೆ ಆಗುತ್ತಾ? ನಯವಾದ ಸಣ್ಣ ಮರಳು ಬೇಕು. ಎರಡು ಬೆರಳಿನ ನಡುವೆ ಉಜ್ಜಿ ನೋಡು, ಚುಚ್ಚಬಾರದು. ಮನೆ ಕಟ್ಟುವಲ್ಲಿ ರಾಶಿ ಬಿದ್ದಿರುವ ಎಂ-ಸ್ಯಾಂಡ್ ತಂದು ಹಾಕುವ ಜಾಣತನ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಮೂಲೆ ಮೂಲೆ ಚೂಪು. ಸಮುದ್ರದ ಮರಳಲ್ಲಿ ಉಪ್ಪು, ಚಿಪ್ಪಿನ ಸುಣ್ಣ ಇರುತ್ತೆ, ಅದೂ ಬೇಡ. ಸರಿಯಾದ ಮರಳು ತಂದು, ನೀರು ತಿಳಿಯಾಗುವವರೆಗೆ ತೊಳೆದು, ಒಂದೆರಡು ಇಂಚು ಹಾಸು. ವಾರವಾರ ಮೇಲ್ಪದರವನ್ನು ಮೆಲ್ಲಗೆ ಕೆದಕಿ ಕೊಳೆ ಹೀರಿ ತೆಗೆ. ಮೀಸೆ ಸವೆದು ಮೊಂಡಾಗುವುದಕ್ಕೆ ಕಲ್ಲಿನ ಚೂಪು ಎಷ್ಟು ಕಾರಣವೋ, ತಳದಲ್ಲಿ ಕೊಳೆತ ಕಸವೂ ಅಷ್ಟೇ ಕಾರಣ. ಮೀಸೆ ಹೋದ ಕೋರಿ ಎದುರಿಗಿರುವ ಊಟವನ್ನೂ ಹುಡುಕಲಾರದು.

ಒಂಟಿ ಕೋರಿ ತರಬೇಡ, ಜೋಡಿಯೂ ಸಾಲದು. ಒಂದೇ ಜಾತಿಯವು ಕನಿಷ್ಠ ಆರು ಇರಲಿ. ಒಂದೊಂದು ಬಣ್ಣದ್ದು ಒಂದೊಂದು ಅಂತ ಪುಸ್ತಕಕ್ಕೆ ಸ್ಟಿಕರ್ ಅಂಟಿಸುವವನ ಹಾಗೆ ಆರಿಸಬೇಡ. ಗುಂಪಿದ್ದರೆ ಅವು ಹಗಲಲ್ಲೂ ಧೈರ್ಯವಾಗಿ ತಿರುಗುತ್ತವೆ, ಒಂದರ ಮೇಲೊಂದು ಬಿದ್ದು ಉಣ್ಣುತ್ತವೆ, ಒಂದಕ್ಕೊಂದು ತಾಗಿಕೊಂಡು ಮಲಗುತ್ತವೆ. ಒಂಟಿಯಾದರೆ ಗಿಡದ ಹಿಂದೆ ಸೇರಿಕೊಂಡು ದಿನ ಕಳೆಯುತ್ತೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 55 ಲೀಟರ್ ನೀರು ಹಿಡಿಯುತ್ತೆ. ಚಿಕ್ಕ ಜಾತಿಯ ಆರಕ್ಕೆ ಅದು ಸಾಕು. ಗಾಜಿನ ಬುರುಡೆಯಲ್ಲಿ ಮಾತ್ರ ಯಾವ ಮೀನನ್ನೂ ಇಡಬೇಡ, ಅದು ಟೇಬಲ್ಲಿನ ಅಂದಕ್ಕೆ ಮಾಡಿದ್ದು.

ಯಾವ ಜಾತಿ? ಮೊದಲ ಸಲಕ್ಕೆ ಕಂಚು ಬಣ್ಣದ ಬ್ರಾಂಜ್ ಕೋರಿ ಅಥವಾ ಮೈಮೇಲೆ ಕಪ್ಪು ಚುಕ್ಕಿಯ ಪೆಪ್ಪರ್ಡ್ ಕೋರಿ ತಾ. ಎರಡೂ ಗಟ್ಟಿ ಜೀವ, ಆರೇಳು ಸೆಂಟಿಮೀಟರ್ ಬೆಳೆಯುತ್ತವೆ. ಪೆಪ್ಪರ್ಡ್ ಕೋರಿಯನ್ನು ಕೀಳಾಗಿ ಕಾಣಬೇಡ ಮತ್ತೆ. ಬೀಗಲ್ ಹಡಗಿನಲ್ಲಿ ಹೋದ ಚಾರ್ಲ್ಸ್ ಡಾರ್ವಿನ್ ಸಂಗ್ರಹಿಸಿ ತಂದ ಮೀನುಗಳಲ್ಲಿ ಇದೂ ಇತ್ತು, 1842ರಲ್ಲಿ ಜೆನಿನ್ಸ್ ಅನ್ನುವ ವಿದ್ವಾಂಸರು ಇದನ್ನು ವಿವರಿಸಿ ಹೆಸರಿಟ್ಟರು. ಕಣ್ಣಿನ ಸುತ್ತ ಕಪ್ಪು ಪಟ್ಟಿಯ ಪಾಂಡಾ ಕೋರಿ ಪೆರು ದೇಶದ್ದು. ಮುದ್ದಾಗಿದೆ ನಿಜ, ಆದರೆ ತಂಪು ನೀರು ಬಯಸುತ್ತೆ. ಪಿಗ್ಮಿ ಕೋರಿ ಎರಡೂವರೆ ಸೆಂಟಿಮೀಟರಿನಷ್ಟೇ, ತಳ ಬಿಟ್ಟು ನಡು ನೀರಲ್ಲೂ ಈಜುತ್ತೆ. ಅದರ ಬಾಯಿ ಸಣ್ಣ, ಗುಳಿಗೆ ಪುಡಿ ಮಾಡಿ ಹಾಕಬೇಕು. 2024ರಲ್ಲಿ ತಜ್ಞರು ಈ ದೊಡ್ಡ ಕುಲವನ್ನು ಒಡೆದು ಬೇರೆ ಬೇರೆ ಕುಲಗಳನ್ನು ಮಾಡಿದ್ದಾರೆ. ಹೊಸ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಗಾಬರಿಯಾಗಬೇಡ, ಮೀನು ಅದೇ.

ಬೆಂಗಳೂರು, ಮೈಸೂರಿನ ಹವೆ ಇವಕ್ಕೆ ಬಹುಪಾಲು ಒಗ್ಗುತ್ತೆ. 22ರಿಂದ 26 ಡಿಗ್ರಿ ಇದ್ದರೆ ಸುಖ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಷ್ಟ. ಅಲ್ಲಿರುವ ನಿನ್ನ ಗೆಳೆಯನಿಗೆ ಪಾಂಡಾ ತರಬೇಡ ಅನ್ನು. ಬಿಸಿ ತಡೆಯುವ ಸ್ಟರ್ಬಾಯ್ ಅನ್ನುವ ಜಾತಿಯಿದೆ, ಅದನ್ನು ಕೇಳಲಿ. ನೀರಿನ ಮೇಲೆ ಸಣ್ಣ ಫ್ಯಾನ್ ಗಾಳಿ ಬಿಟ್ಟರೆ ಎರಡು ಡಿಗ್ರಿಯಾದರೂ ಇಳಿಯುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಏರ್ ಪಂಪು ನಿಲ್ಲಬಾರದು.

ಅಂಗಡಿಯಲ್ಲಿ ಕೈ ಕಟ್ಟಿಕೊಂಡು ಸ್ವಲ್ಪ ಹೊತ್ತು ನಿಲ್ಲು. ಮೀಸೆ ಪೂರ್ತಿ ಇದೆಯಾ, ಬೆನ್ನಿನ ರೆಕ್ಕೆ ಎತ್ತಿದೆಯಾ, ಹೊಟ್ಟೆ ಗುಳಿ ಬಿದ್ದಿಲ್ಲ ತಾನೇ, ನೋಡು. ಅದೇ ತೊಟ್ಟಿಯಲ್ಲಿ ಸತ್ತ ಮೀನು ಕಂಡರೆ ಬರಿಗೈಲಿ ವಾಪಸ್ ಬಾ. ಗುಲಾಬಿ, ನೀಲಿ, ಹಸಿರು ಬಣ್ಣದ ಕೋರಿ ತೋರಿಸಿದರೆ ಮುಟ್ಟಲೇಬೇಡ. ಬಿಳಿ ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ದಂಧೆಯಿದೆ. ಕೆಲವು ಆ ನೋವಿನಲ್ಲೇ ಸಾಯುತ್ತವೆ, ಬದುಕಿದವುಗಳ ಬಣ್ಣವೂ ಉಳಿಯುವುದಿಲ್ಲ. ಅದನ್ನು ಕೊಂಡವನೂ ಆ ಸೂಜಿಗೆ ಕೈ ಕೊಟ್ಟ ಹಾಗೆ. ಇದರಲ್ಲಿ ನನಗೆ ರಾಜಿಯಿಲ್ಲ.

ಕೋರಿಯನ್ನು ಬಲೆಯಲ್ಲಿ ಹಿಡಿದರೆ ಅದರ ಮುಳ್ಳು ನೂಲಿಗೆ ಸಿಕ್ಕಿಕೊಳ್ಳುತ್ತೆ. ಬೆನ್ನಿನ ಮತ್ತು ಎದೆಯ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿದೆ, ಹೆದರಿದಾಗ ಸೆಟೆದು ನಿಲ್ಲುತ್ತೆ, ಬೆರಳಿಗೆ ಚುಚ್ಚಿದರೆ ಉರಿಯುತ್ತೆ. ಪ್ಲಾಸ್ಟಿಕ್ ಚೀಲವನ್ನೂ ತೂತು ಮಾಡುತ್ತೆ. ಒಂದರೊಳಗೊಂದು ಎರಡು ಚೀಲ ಕೇಳು. ಮನೆಯಲ್ಲಿ ಹಿಡಿಯಬೇಕಾದರೆ ಲೋಟ ಬಳಸು. ತಂದ ಕೂಡಲೇ ದೊಡ್ಡ ತೊಟ್ಟಿಗೆ ಸುರಿಯದೆ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸು. ನಿನಗೆ ಇದು ಬಹಳ ಕಷ್ಟವಾಗುತ್ತೆ, ಗೊತ್ತು.

ಒಂದು ದಿನ ಕೋರಿ ಬಾಣದಂತೆ ಮೇಲಕ್ಕೆ ಹಾರಿ, ಗುಟುಕು ಗಾಳಿ ಕುಡಿದು, ಅಷ್ಟೇ ವೇಗದಲ್ಲಿ ಕೆಳಗೆ ಬರುತ್ತೆ. ನೀನು ರಾತ್ರಿ ಹತ್ತಕ್ಕೆ ನನಗೆ ಫೋನ್ ಮಾಡುತ್ತೀಯ. ಮಾಡು, ಪರವಾಗಿಲ್ಲ. ಅದು ಅವುಗಳ ಹುಟ್ಟುಗುಣ. ನುಂಗಿದ ಗಾಳಿಯಿಂದ ಕರುಳಿನಲ್ಲೇ ಆಮ್ಲಜನಕ ಹೀರಿಕೊಳ್ಳುತ್ತವೆ. ಅದಕ್ಕೇ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳು ಜಾಗ ಬಿಡಬೇಕು. ಆದರೆ ಎಲ್ಲವೂ ಮತ್ತೆ ಮತ್ತೆ ಮೇಲೆ ಓಡುತ್ತಿದ್ದರೆ ನೀರು ಕೆಟ್ಟಿದೆ ಅಂತ ಲೆಕ್ಕ, ತಕ್ಷಣ ಪರೀಕ್ಷಿಸಿ ಬದಲಿಸು. ಇನ್ನೊಂದು ಚೋದ್ಯ, ಕೋರಿ ಕಣ್ಣುಗುಡ್ಡೆಯನ್ನು ಕೆಳಕ್ಕೆ ಹೊರಳಿಸುತ್ತೆ, ಕಣ್ಣು ಮಿಟುಕಿಸಿದ ಹಾಗೇ ಕಾಣುತ್ತೆ.

ಮಂಕಾದ ಮೀನು ಕಂಡ ಕೂಡಲೇ ಹಿಡಿ ಉಪ್ಪು, ನಾಲ್ಕು ಬಣ್ಣದ ಔಷಧಿ ಸುರಿಯಬೇಡ. ಕೋರಿಗೆ ಉಪ್ಪು ಅಷ್ಟಾಗಿ ಆಗಿಬರುವುದಿಲ್ಲ, ತಾಮ್ರ ಸೇರಿದ ಔಷಧಿಯಂತೂ ಅಪಾಯ. ಮೊದಲ ಔಷಧಿ ಶುದ್ಧ ನೀರು.

ಪಾಚಿ ತಿನ್ನುತ್ತೆ ಅಂತ ಬೆರಳುದ್ದದ ಸಕ್ಕರ್ ಫಿಶ್ ತೋರಿಸಿದರೆ ಬೇಡ ಅನ್ನು. ಅದೂ ಬೆಕ್ಕುಮೀನೇ, ಬೆಳೆದರೆ ಒಂದು ಅಡಿ ದಾಟುತ್ತೆ. ಸಾಕಲಾರದೆ ಜನ ಕೆರೆಗೆ ಬಿಟ್ಟು ಬಿಟ್ಟು ಈಗ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಅದು ಪಿಡುಗಾಗಿದೆ. ಮೀನುಗಾರರ ಬಲೆ ಹರಿಯುತ್ತೆ, ನಮ್ಮ ಮೀನುಗಳ ಜಾಗ ಕಸಿಯುತ್ತೆ. ಕೋರಿಯಾಗಲಿ, ಗಪ್ಪಿಯಾಗಲಿ, ತೊಟ್ಟಿಯ ಯಾವ ಮೀನನ್ನೂ ಕೆರೆಗೆ ಬಿಡಬಾರದು. ಸಾಕಲಾಗದಿದ್ದರೆ ಸಾಕುವವರಿಗೆ ಕೊಡು. ಚೆನ್ನಾಗಿ ನೋಡಿಕೊಂಡರೆ ಕೋರಿ ಹತ್ತು ವರ್ಷ ಬದುಕಬಲ್ಲದು. ನಿನ್ನ ಓದು ಮುಗಿದು, ಕೆಲಸ ಸಿಕ್ಕಿ, ಮದುವೆಯಾದ ಮೇಲೂ ಅದು ಊಟಕ್ಕೆ ಕಾಯುತ್ತಿರಬಹುದು. ಕೊಳ್ಳುವ ಮುಂಚೆ ಇದನ್ನು ಯೋಚಿಸು, ನಿನ್ನಮ್ಮನ ತಲೆಗೆ ಕಟ್ಟುವ ಆಲೋಚನೆ ಬೇಡ.

ಇಷ್ಟೆಲ್ಲ ಸರಿಯಾಗಿ ಮಾಡಿದರೆ ಮಳೆಗಾಲದ ಒಂದು ದಿನ ಕೋರಿಗಳು ಹುಚ್ಚೆದ್ದು ಓಡಾಡುವುದನ್ನು ಕಾಣುತ್ತೀಯ. ಮೋಡ ಕವಿದಾಗ, ಸ್ವಲ್ಪ ತಣ್ಣಗಿನ ನೀರು ಬದಲಿಸಿದಾಗ ಅವು ಮೊಟ್ಟೆಯಿಡಲು ಹೊರಡುತ್ತವೆ. ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆ ಮಾಡಿ ಮೊಟ್ಟೆ ಹಿಡಿದುಕೊಂಡು ಹೋಗಿ ಗಾಜಿಗೆ, ಎಲೆಗೆ ಅಂಟಿಸುತ್ತೆ. ಆಮೇಲೆ ತಾವೇ ತಿಂದುಹಾಕುತ್ತವೆ! ಮರಿ ಬೇಕಾದರೆ ಬೆರಳಿನಿಂದ ಮೊಟ್ಟೆಗಳನ್ನು ಮೆಲ್ಲಗೆ ಉರುಳಿಸಿ ತೆಗೆದು, ಅದೇ ತೊಟ್ಟಿಯ ನೀರು ತುಂಬಿದ ಡಬ್ಬದಲ್ಲಿಟ್ಟು, ಗಾಳಿ ಬಿಡು. ಬೂಸ್ಟು ಹಿಡಿದ ಬಿಳಿ ಮೊಟ್ಟೆಗಳನ್ನು ದಿನಾ ಆರಿಸು. ಮೂರರಿಂದ ಐದು ದಿನಕ್ಕೆ ಒಡೆಯುತ್ತವೆ. ಮೊದಲ ಒಂದೆರಡು ದಿನ ಹೊಟ್ಟೆಯ ಹಳದಿ ಚೀಲವೇ ಊಟ. ಆಮೇಲೆ ಆಗತಾನೇ ಒಡೆದ ಬ್ರೈನ್ ಶ್ರಿಂಪ್ ಮರಿಗಳನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಎರಡು ಮೂರು ಸಲ ಕೊಡು, ಪ್ರತಿದಿನ ನೀರು ಸ್ವಲ್ಪ ಬದಲಿಸು.

ಮರಿಗಳ ಡಬ್ಬಕ್ಕೆ ಹೊಸ ಸ್ಪಾಂಜ್ ಫಿಲ್ಟರ್ ಕೊಳ್ಳಬೇಡ. ನನ್ನ ತೊಟ್ಟಿಯಲ್ಲಿ ಹಳೆಯದೊಂದು ಹೆಚ್ಚುವರಿ ಓಡುತ್ತಿದೆ, ಬ್ಯಾಕ್ಟೀರಿಯಾ ಚೆನ್ನಾಗಿ ಕೂತಿದೆ. ಬಂದು ತಗೊಂಡು ಹೋಗು. ಒದ್ದೆಯಾಗಿಯೇ ಒಯ್ಯಬೇಕು, ಮುಚ್ಚಳ ಭದ್ರವಾಗಿರುವ ಡಬ್ಬ ತಾ.